ರೆಕ್ಕೆಯ ಅಳತೆ ಕೊಟ್ಟ ಭಟ್ರು

ವಾಸುದೇವ ಭಟ್ರು ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ನೀವು ಕೈ ಚಾಚಿದರೆ ಅದನ್ನು ಹಿಡಿದು, ಅಂಗೈ ಮೇಲೆ ಮಾಡಿ, ಬೆರಳುಗಳನ್ನು ಒಂದೊಂದಾಗಿ ಅಗಲಿಸಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರುವ ಚೂರು ಚರ್ಮವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಜೋಯಿಸರು ರೇಖೆ ನೋಡುತ್ತಾರೆ. ಇವರು ರೇಖೆ ಬಿಟ್ಟು ಬೆರಳ ಸಂದು ನೋಡುವ ಮನುಷ್ಯ.

"ನಮಗೆ ಇಷ್ಟೇ ಕೊಟ್ಟದ್ದು ಶೆಟ್ರೇ," ಎಂದರು, ಮೊದಲ ಸಲ ನನ್ನ ಕೈ ಹಿಡಿದಾಗ. "ಬಾವಲಿಗೆ ಇದನ್ನೇ ಎಳೆದು ಎಳೆದು ಕಾಲಿನವರೆಗೆ ಕೊಟ್ಟಿದ್ದಾನೆ. ಬೆರಳೂ ಉದ್ದ, ಚರ್ಮವೂ ಉದ್ದ. ನಮ್ಮ ಹತ್ರ ಬರುವಾಗ ದೇವರಿಗೆ ಸ್ಟಾಕ್ ಮುಗಿದಿತ್ತಾ ಏನೋ."

ನಾನು ಕೈ ಎಳೆದುಕೊಂಡೆ. ಹಾಗೆ ಹಿಡಿದು ನೋಡಿಸಿಕೊಳ್ಳುವ ಕೈ ಅಲ್ಲ ನನ್ನದು. ಮೂವತ್ತೈದು ವರ್ಷ ಕೊಡೆ ಹೊಲಿದ ಕೈ. ಅದರ ಒಂದೊಂದು ಬೆರಳ ತುದಿಯಲ್ಲೂ ಸೂಜಿಯ ಗುರುತು ಉಂಟು, ಆ ಒಂದೊಂದು ಗುರುತಿನ ಬಗ್ಗೆಯೂ ನನಗೆ ಹೆಮ್ಮೆ ಉಂಟು.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ನಮ್ಮ ಕುಟುಂಬಕ್ಕೆ ಒಂದು ಕಾಲದಲ್ಲಿ ಗದ್ದೆ ಇತ್ತು. ಅದು ಹೋದ ಮೇಲೆ ದೊಡ್ಡಪ್ಪನ ಮಕ್ಕಳು ಹೋಟೆಲು ಇಟ್ಟರು. "ಬಾ, ಕ್ಯಾಶಿನಲ್ಲಿ ಕೂತ್ಕೋ" ಎಂದು ನನ್ನನ್ನೂ ಕರೆದರು. ಇನ್ನೊಬ್ಬರ ಫ್ಯಾನಿನ ಕೆಳಗೆ ಕೂರುವುದು ನನಗೆ ಆಗಲಿಲ್ಲ. ಮಂಗಳೂರಿನ ಬಂದರಿನಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ ಹಿರಿಯ ಬ್ಯಾರಿ ಸಾಹೇಬರೊಬ್ಬರ ಅಂಗಡಿ ಸೇರಿದೆ. ಅವರ ಕಾಲದ ನಂತರ ಅದೇ ಓಣಿಯಲ್ಲಿ ನನ್ನದೇ ಅಂಗಡಿ ಮಾಡಿದೆ. ಮಳೆಗಾಲಕ್ಕೆ ಕೊಡೆ, ಉಳಿದ ಕಾಲಕ್ಕೆ ಟಾರ್ಪಾಲು, ಬೈಕಂಪಾಡಿಯ ಫ್ಯಾಕ್ಟರಿಗಳ ಯಂತ್ರಗಳಿಗೆ ಮುಸುಕು. ನಾನು ಬಟ್ಟೆ ಏರಿಸಿದ ಕೊಡೆಯ ಮೇಲೆ ಮಳೆ ಬಿದ್ದರೆ ಚೆಂಡೆಯ ಹಾಗೆ ಕೇಳಬೇಕು. ಕೇಳುತ್ತದೆ ಕೂಡ.

ನನಗೆ ಒಬ್ಬಳೇ ಮಗಳು, ಶ್ರಾವ್ಯ. ಚಿಕ್ಕವಳಿರುವಾಗ ಅವಳು ಶಾಲೆಯಲ್ಲಿ ಎಲ್ಲರೊಡನೆ "ನನ್ನ ಪಪ್ಪನಿಗೆ ಗೊತ್ತಿಲ್ಲದ್ದು ಎಂತದೂ ಇಲ್ಲ" ಎಂದು ಹೇಳಿಕೊಂಡು ಬಂದಿದ್ದಳು. ಅವಳ ಟೀಚರು ನಗುತ್ತಾ ನನಗೆ ತಿಳಿಸಿದ ಮಾತು ಇದು. ಜೀವನದಲ್ಲಿ ನನಗೆ ಸಿಕ್ಕಿದ ಸರ್ಟಿಫಿಕೇಟು ಅದೊಂದೇ, ಅದನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಅವಳು ಬಿ.ಎಸ್ಸಿ.ಗೆ ಸೇರಿ, ಪ್ರಾಣಿಶಾಸ್ತ್ರ ತೆಗೆದುಕೊಂಡು, ಮೊದಲ ತಿಂಗಳಲ್ಲೇ ಅದನ್ನು ನನ್ನಿಂದ ಕಿತ್ತು ಇನ್ನೊಬ್ಬರಿಗೆ ಕೊಟ್ಟಳು.

ಒಂದು ದಿನ ಊಟಕ್ಕೆ ಕೂತಾಗ ತಾಯಿಯ ಎಡಗೈ ಹಿಡಿದು ಬೆರಳು ಅಗಲಿಸಿ, "ಅಮ್ಮ, ಬಾವಲಿಯ ರೆಕ್ಕೆ ಅಂದ್ರೆ ರೆಕ್ಕೆ ಅಲ್ಲ, ಕೈ! ಭಟ್ರು ಹೇಳಿದ್ರು," ಎಂದಳು. ಇನ್ನೊಂದು ದಿನ ನನ್ನ ಅಂಗಡಿಯಿಂದ ತಂದ ಟಾರ್ಪಾಲಿನ ತುಂಡನ್ನು ಮುಂಗೈಗೂ ಕಾಲಿಗೂ ಕಟ್ಟಿಕೊಂಡು ಮಂಚದ ಮೇಲಿಂದ ಜಿಗಿದಳು. ಹಾರುವ ಅಳಿಲು ಹಾರುವುದೇ ಇಲ್ಲವಂತೆ. ಮುಂಗಾಲಿನಿಂದ ಹಿಂಗಾಲಿನವರೆಗೆ ಇರುವ ಚರ್ಮದ ಮಡಿಕೆಯನ್ನು ಬಿಚ್ಚಿ ಗಾಳಿಯಲ್ಲಿ ಜಾರುವುದಂತೆ. ಹಾರುವ ಓತಿಗೆ ಪಕ್ಕೆಲುಬೇ ಚಾಚಿ ಚರ್ಮವನ್ನು ಎತ್ತಿ ಹಿಡಿಯುತ್ತದಂತೆ. ಎಲ್ಲದರ ಕೊನೆಗೂ "ಭಟ್ರು ಹೇಳಿದ್ರು".

"ಅದೆಲ್ಲ ನನಗೆ ಗೊತ್ತಿಲ್ವಾ?" ಎಂದೆ. ಗೊತ್ತಿರಲಿಲ್ಲ.

ಭಟ್ರು ಅಂದರೆ ಯಾರೋ ದೊಡ್ಡ ಪ್ರೊಫೆಸರು ಎಂದು ನಾನು ತಿಳಿದಿದ್ದೆ. ಪ್ರೊಫೆಸರ ಮುಂದೆ ಸೋಲುವುದು ಅವಮಾನ ಅಲ್ಲ. ಅವರು ಓದಿದ್ದಾರೆ, ನಾನು ಓದಲಿಲ್ಲ, ಮುಗಿಯಿತು. ಆದರೆ ಒಂದು ದಿನ ಅವಳು ಮರೆತ ಬುತ್ತಿ ಕೊಡಲು ಕಾಲೇಜಿಗೆ ಹೋದಾಗ ಪ್ರಾಣಿಶಾಸ್ತ್ರ ವಿಭಾಗದ ಮ್ಯೂಸಿಯಮ್ಮಿನ ಬಾಗಿಲಲ್ಲಿ ಬಾಟಲಿ ತೊಳೆಯುತ್ತಾ ಕೂತಿದ್ದ, ಅರ್ಧ ತೋಳಿನ ಅಂಗಿಯ, ತೆಳ್ಳಗಿನ ಮನುಷ್ಯನನ್ನು ತೋರಿಸಿ, "ಪಪ್ಪ, ಇವರೇ ಭಟ್ರು," ಎಂದಳು. ಅಟೆಂಡರು! ಆಮೇಲೆ ಕೇಳಿ ತಿಳಿದೆ: ಒಂಬತ್ತನೆಯ ಕ್ಲಾಸು ಫೇಲು. ನನಗಿಂತ ಎರಡೇ ಕ್ಲಾಸು ಹೆಚ್ಚು. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆ ದಿನ. ಅವರು ನನ್ನ ಕೈ ಹಿಡಿದು ಬೆರಳು ಅಗಲಿಸಿದ್ದೂ ಅದೇ ದಿನ.

ಭಟ್ರ ಮನೆತನದವರು ದೇವಸ್ಥಾನದ ಅರ್ಚಕರು. ಇಬ್ಬರು ಅಣ್ಣಂದಿರು ಪೂಜೆಯಲ್ಲಿದ್ದರು. ಇವರನ್ನು ತಂದೆ ನೈವೇದ್ಯದ ಅಡುಗೆಗೆ ಹಾಕಿದ್ದರಂತೆ. ಇವರು ಅನ್ನ ಬೇಯಲು ಇಟ್ಟು ಅಟ್ಟಕ್ಕೆ ಹತ್ತಿ, ಅಲ್ಲಿ ನೇತಾಡುತ್ತಿದ್ದ ಬಾವಲಿಗಳನ್ನು ನೋಡುತ್ತಾ ಕೂತು, ಅನ್ನ ಸೀದು, ಹಾಗೆ ಆ ಕೆಲಸ ಹೋಯಿತು. ಯಾರೋ ಪುಣ್ಯಾತ್ಮರು ಕಾಲೇಜಿಗೆ ಸೇರಿಸಿದರು. ಸತ್ತ ಜೀವಗಳನ್ನು ಮುಟ್ಟಿ ಬರುವವರೆಂದು ದಿನಾ ಸಂಜೆ ಮನೆಯ ಹೊರಗಿನ ನಲ್ಲಿಯಲ್ಲಿ ಸ್ನಾನ ಮಾಡದೆ ಅವರಿಗೆ ಒಳಗೆ ಪ್ರವೇಶ ಇರಲಿಲ್ಲ.

"ಅಣ್ಣ ವಿಗ್ರಹ ತೊಳೀತಾನೆ, ನಾನು ಬಾಟಲಿ ತೊಳೀತೇನೆ," ಎನ್ನುತ್ತಿದ್ದರು. "ಎರಡಕ್ಕೂ ಮಡಿ ಬೇಕು ಮಾರಾಯ್ರೆ. ನನ್ನದಕ್ಕೆ ಒಂದು ಕೂದಲು ಬಿದ್ರೂ ಕಾಣ್ತದೆ."

ಅವರ ಹತ್ತಿರ ಹೋದರೆ ಗಂಧದ ವಾಸನೆಯೂ ಫಾರ್ಮಲಿನ್ನಿನ ವಾಸನೆಯೂ ಒಟ್ಟಿಗೆ ಬರುತ್ತಿತ್ತು. ಮ್ಯೂಸಿಯಮ್ಮಿನಲ್ಲಿ ಹಿಂದಿನ ಕಾಲದವರು ಇಟ್ಟುಹೋದ ಜೀವಗಳನ್ನು ಅವರು ಮನೆಯ ಹಿರಿಯರ ಹಾಗೆ ನೋಡಿಕೊಳ್ಳುತ್ತಿದ್ದರು. ಹೊಸತಾಗಿ ಏನನ್ನೂ ಕೊಲ್ಲಲು ಬಿಡುತ್ತಿರಲಿಲ್ಲ. ತಾನಾಗಿ ಸತ್ತು ಬಿದ್ದ ಬಾವಲಿ ಸಿಕ್ಕಿದರೆ ಮಾತ್ರ, ಗವಸು ಹಾಕಿ, ಅದರ ರೆಕ್ಕೆಯನ್ನು ಥರ್ಮಕೋಲಿನ ಮೇಲೆ ಬಿಡಿಸಿ, ಗುಂಡುಸೂಜಿ ಚುಚ್ಚಿ ಒಣಗಿಸುತ್ತಿದ್ದರು. ಒಂದು ಗಂಟೆಯಲ್ಲಿ ಒಂದು ಬೆರಳು. ಮೇಡಂ ಅವಸರ ಮಾಡಿದರೆ, "ಚರ್ಮಕ್ಕೆ ಅವಸರ ಇಲ್ಲ ಮೇಡಂ," ಎನ್ನುವುದು. ವಿಭಾಗದ ಮುಖ್ಯಸ್ಥೆಯಾದ ಆ ಮೇಡಮ್ಮೂ ಕ್ಲಾಸಿಗೆ ಹೋಗುವ ಮೊದಲು ಮ್ಯೂಸಿಯಮ್ಮಿಗೆ ಇಣುಕಿ, "ಭಟ್ರೇ, ಇದು ಹೌದಲ್ಲ?" ಎಂದು ಕೇಳಿ ಹೋಗುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನ ಅಂಗಡಿಗೆ ಬಂದು ಯಾವ ಎಂಜಿನಿಯರೂ ಹಾಗೆ ಕೇಳಿದ್ದಿಲ್ಲ.

ಒಮ್ಮೆ ಬಂದರಿನಲ್ಲಿ ಒಣಹಾಕಿದ್ದ ಮೀನಿನ ಬಲೆಗೆ ದೊಡ್ಡದೊಂದು ಬಾವಲಿ ಸಿಕ್ಕಿಬಿತ್ತು. ಬೆಳಗ್ಗೆ ಜನ ಸೇರಿದರು. ಒಬ್ಬ ಕೋಲು ತಂದ, ಇನ್ನೊಬ್ಬ "ಜ್ವರ ಬರ್ತದೆ, ಹತ್ರ ಹೋಗ್ಬೇಡಿ" ಎಂದು ಬೊಬ್ಬೆ ಹಾಕಿದ. ನಾನು ಮಗಳಿಗೆ ಫೋನು ಮಾಡಿದೆ. ಅವಳು ಭಟ್ರಿಗೆ ಮಾಡಿದಳು. ಚರ್ಮದ ದಪ್ಪ ಗವಸು ಹಾಕಿಕೊಂಡು ಬಂದವರೇ, "ಕೋಲು ಕೆಳಗೆ ಇಡು ಮಾರಾಯ. ನಿನ್ನನ್ನು ಬಲೆಯಲ್ಲಿ ಸುತ್ತಿದ್ರೆ ನೀನು ಕಚ್ಚುದಿಲ್ವಾ?" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಶೆಟ್ರೇ, ಒಂದು ಸಣ್ಣ ಕತ್ತರಿ ಕೊಡಿ, ಚೂಪಿನದ್ದು."

ನನ್ನ ಕತ್ತರಿಯನ್ನು ನಾನು ಯಾರಿಗೂ ಕೊಡುವವನಲ್ಲ. ಕೊಟ್ಟೆ. ಅವರು ನೂಲು ನೂಲಾಗಿ ಬಲೆ ಕತ್ತರಿಸಿ, ಅದನ್ನು ಬಿಡಿಸಿ, ಹಳೆ ಪಂಚೆಯಲ್ಲಿ ಸುತ್ತಿದರು. ಒಂದು ರೆಕ್ಕೆ ಮಾತ್ರ ಹೊರಗೆ ಬಿಟ್ಟು ಬೆಳಕಿಗೆ ಹಿಡಿದರು. ಚರ್ಮ ಅಷ್ಟು ತೆಳು, ಆಚೆ ಬದಿಯ ದೋಣಿ ಕಾಣುತ್ತಿತ್ತು. ಅದರೊಳಗೆ ಕವಲೊಡೆದ ರಕ್ತನಾಳಗಳು. ನಡುವೆ ಕೋಟಿನ ಗುಂಡಿಯಷ್ಟು ಅಗಲದ ಒಂದು ತೂತು.

ಇದು ನನ್ನ ಸರದಿ ಎಂದು ನನಗೆ ಅನಿಸಿತು. "ಹೊಲಿದುಬಿಡುವಾ, ಭಟ್ರೇ," ಎಂದೆ. "ನನ್ನ ಹತ್ರ ಕೂದಲಿನಷ್ಟು ಸಪೂರ ಸೂಜಿ ಉಂಟು. ಹೊಲಿದದ್ದು ಗೊತ್ತೇ ಆಗದ ಹಾಗೆ ಹೊಲೀತೇನೆ."

"ಬೇಡ ಶೆಟ್ರೇ. ಇದು ತಾನೇ ಮುಚ್ಚಿಕೊಳ್ತದೆ."

"ತಾನೇ?"

"ಎರಡು ಪದರ ಚರ್ಮ, ಮಧ್ಯೆ ರಕ್ತ. ಮೂರ್ನಾಲ್ಕು ವಾರ ಹೊಟ್ಟೆ ತುಂಬ ಹಣ್ಣು ತಿಂದು ಮಲಗಲಿ, ಸಾಕು."

ಭಟ್ರೊಟ್ಟಿಗೇ ಬಂದಿದ್ದ ನನ್ನ ಮಗಳು ಪಕ್ಕದಲ್ಲೇ ಇದ್ದಳು. ಅವಳು ನಕ್ಕದ್ದು ಬಾವಲಿ ಬದುಕುತ್ತದೆ ಎಂಬ ಸಂತೋಷಕ್ಕೆ ಎಂದು ಈಗ ಗೊತ್ತು. ಆಗ ನನಗೆ ಬೇರೆ ಕೇಳಿಸಿತು. ಒಂದು ತಿಂಗಳಾಗುವಾಗ ಭಟ್ರು ಬುಟ್ಟಿ ಹಿಡಿದುಕೊಂಡು ಅಂಗಡಿಗೇ ಬಂದರು. ತೂತು ಇದ್ದಲ್ಲಿ ಒಂದು ಬಿಳಿಚಿದ ಕಲೆ ಅಷ್ಟೇ. "ಬಣ್ಣ ಮಾತ್ರ ತಡ ಮಾಡ್ತದೆ," ಎಂದರು, ಅವರೇ ಹೆತ್ತ ಹಾಗೆ. ನನ್ನ ಬಟ್ಟೆಗೆ ಆ ವಿದ್ಯೆ ಬಂದಿದ್ದರೆ ನನ್ನ ಅಂಗಡಿ ಯಾವತ್ತೋ ಮುಚ್ಚುತ್ತಿತ್ತು. ಮನುಷ್ಯನ ಮೇಲೆ ಇದ್ದ ಹೊಟ್ಟೆಕಿಚ್ಚು ಅವತ್ತು ಒಂದು ಪ್ರಾಣಿಯ ಚರ್ಮದ ಮೇಲೂ ಹೋಯಿತು. ಸಂಜೆ ಕಾಲೇಜಿನ ಹಿಂದಿನ ಗೋಳಿಮರದ ಬಳಿ ಅದನ್ನು ಬಿಟ್ಟರು. ಶ್ರಾವ್ಯ ಫೋನಿನಲ್ಲಿ ಹಿಡಿದ ಆ ವೀಡಿಯೊವನ್ನು ಮನೆಯಲ್ಲಿ ಎಷ್ಟು ಸಲ ನೋಡಿದಳೋ. ನಾನು ಪೇಪರು ಓದುತ್ತಾ ಕೂತೆ.

ಅವಳು ಕೊನೆಯ ವರ್ಷದಲ್ಲಿದ್ದಾಗ ಮ್ಯೂಸಿಯಮ್ಮಿನ ಹಳೆಯ ಬಾವಲಿಯ ರೆಕ್ಕೆ ಪುಡಿಪುಡಿಯಾಗಿ ಉದುರಿತು. ಶಾಲೆಯ ಮಕ್ಕಳಿಗಾಗಿ ಕಾಲೇಜಿನಲ್ಲಿ ವಸ್ತುಪ್ರದರ್ಶನ ಹತ್ತಿರ ಬಂದಿತ್ತು.

"ಪಪ್ಪ, ಒಂದು ದೊಡ್ಡ ರೆಕ್ಕೆ ಮಾಡಿಕೊಡ್ತೀರಾ? ಹಗ್ಗ ಎಳೆದ್ರೆ ಬಿಚ್ಚಬೇಕು, ಮಡಚಬೇಕು, ಬಡಿಯಬೇಕು. ಆರು ಅಡಿ," ಎಂದು ಕೇಳಿದಳು.

ನನ್ನ ಎದೆ ಎರಡು ಇಂಚು ಉಬ್ಬಿತು. ಅಷ್ಟು ದಿನದ ಮೇಲೆ ಮಗಳು ನನ್ನ ಹತ್ತಿರ ಕೇಳಿದ್ದಳು. "ಮಾಡದೆ ಎಂತ? ಯಾರಿಗೆ ನೆನಪಾಯ್ತು ಮಗಾ ನನ್ನ ಹೆಸರು?"

"ಭಟ್ರು ಹೇಳಿದ್ರು, ಮಂಗಳೂರಿನಲ್ಲಿ ಇದನ್ನು ಮಾಡಿದ್ರೆ ನಿನ್ನ ಪಪ್ಪನೇ ಮಾಡ್ಬೇಕು ಅಂತ."

ಉಬ್ಬಿದ್ದು ಇಳಿಯಿತು.

ಭಟ್ರು ಅಂಗಡಿಗೆ ಬಂದು, ಗಿರಾಕಿಗಳು ಕೂರುವ ಸ್ಟೂಲಿನಲ್ಲಿ ಕೂತು, ಒಂದೊಂದೇ ಅಳತೆ ಹೇಳಿದರು. ಶ್ರಾವ್ಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬೆರಳುಗಳ ನಡುವಿನ ತುಂಡುಗಳು, ಭುಜದಿಂದ ಮಣಿಕಟ್ಟಿಗೆ ಹೋಗುವ ಮುಂದಿನ ಸಣ್ಣ ತುಂಡು, ಕಿರುಬೆರಳಿಂದ ಮೈಗೂ ಕಾಲಿಗೂ ಸೇರುವ ದೊಡ್ಡ ತುಂಡು.

"ದೊಡ್ಡ ತುಂಡಿಗೆ ಅಡಿಗೆ ಮೂರು ಇಂಚು ಹೆಚ್ಚು ಬಿಡ್ಬೇಕು ಶೆಟ್ರೇ," ಎಂದರು. "ಸಡಿಲು ಬೇಕು."

"ಸಡಿಲು ಬಿಟ್ರೆ ಜೋಲುತ್ತದೆ ಭಟ್ರೇ. ನೋಡ್ಲಿಕ್ಕೆ ಅಸಹ್ಯ."

"ಕೊಡೆ ಮಳೆಯನ್ನು ಆಚೆ ತಳ್ಳುವುದು. ಅದಕ್ಕೆ ಬಿಗಿ ಬೇಕು. ರೆಕ್ಕೆ ಗಾಳಿಯನ್ನು ಹಿಡಿಯುವುದು. ಹಿಡೀಲಿಕ್ಕೆ ಅದಕ್ಕೊಂದು ಹೊಟ್ಟೆ ಬೇಡ್ವಾ? ಮತ್ತೆ ಮೊಣಕೈ ಬಗ್ಗುವಾಗ ಎಳೆತ ಎಲ್ಲ ಅಲ್ಲಿಗೇ ಬರ್ತದೆ. ಬಿಗಿ ಮಾಡಿದ್ರೆ ಹರೀತದೆ."

ನನ್ನ ಅಂಗಡಿಯಲ್ಲಿ, ನನ್ನ ಮಗಳ ಎದುರು, ಬಟ್ಟೆಯ ಬಗ್ಗೆ ನನಗೆ ಪಾಠ. ಚರ್ಮ ನಿಮ್ಮದಾಗಿರಬಹುದು ಭಟ್ರೇ, ಬಟ್ಟೆ ನನ್ನದು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಅವರು ಹೋದ ಮೇಲೆ ಬಟ್ಟೆ ಹಾಸಿ ಕತ್ತರಿಸಿದೆ. ಅಡಿಗೆ ಮೂರು ಇಂಚು ಹೆಚ್ಚಲ್ಲ, ಕೊಡೆಗೆ ಮಾಡುವ ಹಾಗೆ ಅರ್ಧ ಇಂಚು ಕಡಿಮೆ. ಒಳ್ಳೆಯ ಕಪ್ಪು ಬಟ್ಟೆ, ಅಲ್ಯೂಮಿನಿಯಂ ನಳಿಗೆಯ ಎಲುಬು, ಬೆರಳಿಗೆ ಕೊಡೆಯ ಉಕ್ಕಿನ ಕಡ್ಡಿ. ಮುಗಿದಾಗ ಒಂದು ಸುಕ್ಕಿಲ್ಲ. ಬೆರಳಿನಿಂದ ಬಡಿದರೆ ಟಣ್ ಎನ್ನುತ್ತಿತ್ತು.

"ಪಪ್ಪ, ಅಳತೆ ಬರೆದ ಹಾಗೇ ತೆಗೆದ್ರಲ್ವಾ?" ಎಂದು ಶ್ರಾವ್ಯ ಕೇಳಿದಳು.

"ಹಾಗೇ," ಎಂದೆ. ಅವಳಿಗೆ ನಾನು ಹೇಳಿದ ಮೊದಲನೆಯ ದೊಡ್ಡ ಸುಳ್ಳು.

ಪ್ರದರ್ಶನದ ದಿನ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ಹೋಗಿ ಹಿಂದೆ ನಿಂತೆ. ಮಕ್ಕಳು ನೂಕುನುಗ್ಗಲು. ಶ್ರಾವ್ಯ ಮೈಕು ಹಿಡಿದು, "ಇದು ರೆಕ್ಕೆ ಅಲ್ಲ, ಕೈ. ಇಲ್ಲಿ ನೋಡಿ, ಹೆಬ್ಬೆರಳು," ಎಂದು ಶುರು ಮಾಡಿದಳು. ರೆಕ್ಕೆ ಬಿಚ್ಚಿತು. ಮಕ್ಕಳು "ಓ" ಎಂದರು. ಮಡಚಿತು. ಮತ್ತೆ ಬಡಿಯಲು ಹಗ್ಗ ಎಳೆದಳು. ಒಂದು ಸಲ ಬಡಿಯಿತು, ಎರಡನೆಯ ಸಲ ಮೊಣಕೈ ಹತ್ತಿರ ಸಣ್ಣಗೆ ಪರ್ ಎಂದಿತು, ಮೂರನೆಯ ಸಲ ಮೊಣಕೈಯಿಂದ ಕಾಲಿನವರೆಗೆ ಉದ್ದಕ್ಕೆ ಹರಿದು ಬಟ್ಟೆ ಕೆಳಗೆ ನೇತುಬಿತ್ತು.

"ಕೊಡೆ ಹರೀತು!" ಎಂದು ಒಂದು ಹುಡುಗಿ ಕೂಗಿದಳು. ಇಡೀ ಸಭಾಂಗಣ ನಕ್ಕಿತು. ಶ್ರಾವ್ಯ ಮೈಕು ಹಿಡಿದುಕೊಂಡು ಹಾಗೇ ನಿಂತಿದ್ದಳು, ಕಿವಿಯವರೆಗೆ ಕೆಂಪಾಗಿ.

ಮೇಡಂ ಬಂದರು. ಅವರು ಬಾಯಿ ತೆರೆಯುವ ಮೊದಲೇ ಭಟ್ರು ಮುಂದೆ ಹೋಗಿ ಹರಿದ ಅಂಚನ್ನು ಎತ್ತಿ ನೋಡಿದರು. ನೋಡಿದ ಕೂಡಲೇ ಅವರಿಗೆ ಗೊತ್ತಾಗಿದೆ. ಅಂಥ ಕಣ್ಣಿಗೆ ಗೊತ್ತಾಗದೆ ಇರುತ್ತದೆಯೇ?

"ಅಳತೆ ನಾನು ತಪ್ಪು ಕೊಟ್ಟೆ ಮೇಡಂ," ಎಂದರು. "ಶೆಟ್ರ ಕೆಲಸದಲ್ಲಿ ಎಂತ ತಪ್ಪಿಲ್ಲ."

"ನಿಮ್ಮ ಅಳತೆ ತಪ್ಪುವುದಾ ಭಟ್ರೇ?"

"ವಯಸ್ಸಾಯ್ತಲ್ಲ ಮೇಡಂ. ಕೈಯ ಲೆಕ್ಕ ಕಾಲಿಗೆ ಹೇಳಿದ್ದೇನೆ."

ಆಗ ನಾನು ಎರಡು ಹೆಜ್ಜೆ ಮುಂದೆ ಹೋಗಿ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಮರ್ಯಾದೆಗೆ ಹೆದರಿದೆ ಎಂದರೆ ಅರ್ಧ ಸತ್ಯ. ಉಳಿದರ್ಧವನ್ನೂ ಬರೆಯುತ್ತೇನೆ. ಒಳಗೆ ನನಗೆ ಒಂದು ಸಣ್ಣ ಖುಷಿ ಆಯಿತು. ಇವಳ ಭಟ್ರಿಗೂ ತಪ್ಪುತ್ತದೆ, ಅದನ್ನು ಇವಳು ಸ್ವಂತ ಕಿವಿಯಲ್ಲಿ ಕೇಳಿದಳು, ಎಂಬ ಖುಷಿ.

ಸ್ಕೂಟರಿನಲ್ಲಿ ಹಿಂದೆ ಕೂತ ಮಗಳು ಏನಾದರೂ ಹೇಳುತ್ತಾಳೆ ಎಂದು ದಾರಿಯುದ್ದಕ್ಕೂ ಕಾದೆ. ಮನೆ ಹತ್ತಿರ ಬರುವಾಗ ಇಷ್ಟೇ ಹೇಳಿದಳು: "ನಾಳೆಯಿಂದ ಎಲ್ಲರೂ ಭಟ್ರಿಗೆ ತಮಾಷೆ ಮಾಡ್ತಾರೆ."

ಮಾಡಿದರು. ಭಟ್ರು ಚಾ ತಂದರೆ, "ಸಕ್ಕರೆಯ ಅಳತೆ ಸರಿ ಉಂಟಾ ಭಟ್ರೇ?" ಬೀಗ ಹಾಕಿದರೆ, "ಬೀಗಕ್ಕೆ ಸಡಿಲು ಬಿಟ್ಟಿದ್ದೀರಾ?" ನಿವೃತ್ತಿಯಾಗುವವರೆಗೂ ಆ ಮಾತು ಅವರನ್ನು ಬಿಡಲಿಲ್ಲ. ಬೀಳ್ಕೊಡುಗೆಯ ದಿನ ಮೇಡಮ್ಮೇ ಭಾಷಣದಲ್ಲಿ ಅದನ್ನು ಹೇಳಿ ನಗಿಸಿದರಂತೆ. ಭಟ್ರೂ ನಕ್ಕರಂತೆ. ಮಗಳು ಬಂದು ಇದನ್ನೆಲ್ಲ ನನಗೆ ಹೇಳುತ್ತಿದ್ದಳು, ನನ್ನ ಮುಖವನ್ನೇ ನೋಡುತ್ತಾ. ನಾನು ಸೂಜಿಗೆ ನೂಲು ಹಾಕುತ್ತಾ ಕೇಳುತ್ತಿದ್ದೆ.

ಹರಿದ ಮಾರನೆಯ ವಾರವೇ ಭಟ್ರು ಅಂಗಡಿಗೆ ಬಂದಿದ್ದರು. ಬಂದದ್ದು ಜಗಳಕ್ಕೆ ಎಂದು ನಾನು ಸೆಟೆದು ಕೂತೆ. ಅವರು ಸ್ಟೂಲಿನಲ್ಲಿ ಕೂತು, "ಈ ಸಲ ಇಬ್ಬರೂ ಕೂತು ಮಾಡುವಾ," ಎಂದರು, ಅಷ್ಟೇ. ಎಂಟು ದಿನ ಸಂಜೆ ಬಂದರು. ಬಾವಲಿ ನೇತಾಡುವಾಗ ರೆಕ್ಕೆ ಹೇಗೆ ಸುತ್ತಿಕೊಳ್ಳುತ್ತದೆ, ಮಡಚಿದಾಗ ಆ ಹೆಚ್ಚಿನ ಚರ್ಮ ಜೋಲದೆ ಹೇಗೆ ಸುಕ್ಕು ಸುಕ್ಕಾಗಿ ಒಳಗೆ ಸೇರುತ್ತದೆ ಎಂದು ವೀಡಿಯೊ ತೋರಿಸಿದರು. ನಾನು ಬಾಯಿ ಮುಚ್ಚಿಕೊಂಡು ಅಡಿಗೆ ಮೂರು ಇಂಚು ಹೆಚ್ಚು ಬಿಟ್ಟು ಕತ್ತರಿಸಿದೆ. ಆದರೆ ಬಟ್ಟೆಗೆ ತಾನೇ ಸುಕ್ಕುವ ಬುದ್ಧಿ ಇಲ್ಲ, ಮಡಚಿದಾಗ ಜೋತು ಬೀಳುತ್ತಿತ್ತು. ಆಗ ನನಗೆ ಹೊಳೆಯಿತು. ಮಕ್ಕಳ ಫ್ರಾಕಿನ ಸೊಂಟಕ್ಕೆ ಹಾಕುವ ಸಪೂರ ಇಲಾಸ್ಟಿಕ್ ನೂಲನ್ನು ಬಾಬಿನಿಗೆ ಸುತ್ತಿ, ಬಟ್ಟೆಯುದ್ದಕ್ಕೂ ಎಂಟು ಸಾಲು ಹೊಲಿದೆ. ಬಿಚ್ಚಿದರೆ ಅಗಲವಾಯಿತು, ಬಿಟ್ಟರೆ ತಾನಾಗಿ ಸುಕ್ಕಿ ಒಳಗೆ ಹೋಯಿತು.

ಭಟ್ರು ಸ್ಟೂಲಿನಿಂದ ಎದ್ದೇಬಿಟ್ಟರು. "ಶೆಟ್ರೇ! ಇದು ಅದರ ಚರ್ಮದಲ್ಲಿ ನಿಜವಾಗಿಯೂ ಉಂಟು! ಎಳೆ ಎಳೆಯಾಗಿ, ಹೀಗೇ ಎಳೆದುಕೊಳ್ಳುವ ನಾರು. ಪುಸ್ತಕ ನೋಡದೆ ಹೇಗೆ ಗೊತ್ತಾಯ್ತು ನಿಮಗೆ?"

ಅಷ್ಟು ಹೊಗಳಿಕೆ ನನಗೆ ಯಾರೂ ಕೊಟ್ಟದ್ದಿಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ ಶ್ರಾವ್ಯ ಕಣ್ಣರಳಿಸಿ, "ಪಪ್ಪ, ನೀವು ದೊಡ್ಡ ಸಂಗತಿ ಕಂಡುಹಿಡಿದ್ರಂತೆ! ಭಟ್ರು ಹೇಳಿದ್ರು," ಎಂದಾಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. ನನ್ನ ಬುದ್ಧಿವಂತಿಕೆ ಕೂಡ ನನ್ನ ಮಗಳಿಗೆ ಅವರ ಬಾಯಿಯಿಂದಲೇ ಹೋಗಿ ಮುಟ್ಟಬೇಕೆ? ಆ ರೆಕ್ಕೆ ಈಗಲೂ ಮ್ಯೂಸಿಯಮ್ಮಿನಲ್ಲಿ ಉಂಟು. ಇದುವರೆಗೆ ಒಂದು ಹೊಲಿಗೆ ಬಿಟ್ಟಿಲ್ಲ.

ನಿವೃತ್ತಿಯಾಗಿ ಎರಡು ವರ್ಷಕ್ಕೆ ಭಟ್ರು ಮಲಗಿದರು. ಕಂಕನಾಡಿಯ ಆಸ್ಪತ್ರೆಗೆ ಸೇರಿಸಿದ್ದಾರೆ, ಉಸಿರಿನ ತೊಂದರೆ, ಎಂದು ಶ್ರಾವ್ಯ ಹೇಳಿದಳು. ಅವಳು ಆಗ ಎಂ.ಎಸ್ಸಿ. ಓದುತ್ತಿದ್ದಳು. ಕ್ಲಾಸಿಗೆ ಮೊದಲು ಒಮ್ಮೆ, ಕ್ಲಾಸು ಮುಗಿಸಿ ಒಮ್ಮೆ, ದಿನಾ ಅಲ್ಲಿಗೆ ಹೋಗುತ್ತಿದ್ದಳು. ನಾನು ಒಂದು ಮಧ್ಯಾಹ್ನ, ಅವಳು ಇರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಒಬ್ಬನೇ ಹೋದೆ. ಹೋದದ್ದು ಹೇಳಲಿಕ್ಕೆ. ಸ್ಕೂಟರಿನಲ್ಲಿ ಮಾತನ್ನು ನಾಲ್ಕು ಸಲ ಕಲಿತುಕೊಂಡು ಹೋಗಿದ್ದೆ.

ಭಟ್ರು ದಿಂಬಿಗೆ ಒರಗಿ ಕೂತಿದ್ದರು. ಹಾಸಿಗೆಯಲ್ಲಿ ಅರ್ಧದಷ್ಟೂ ತುಂಬಿರಲಿಲ್ಲ. ನನ್ನನ್ನು ಕಂಡ ಕೂಡಲೇ ಅವರ ಅಣ್ಣನನ್ನು ಚಾ ಕುಡಿದು ಬಾ ಎಂದು ಹೊರಗೆ ಕಳಿಸಿದರು. ಮತ್ತೆ ತೋಳನ್ನು ಎತ್ತಿ, ಕೆಳಗೆ ಜೋಲುತ್ತಿದ್ದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು.

"ನೋಡಿ ಶೆಟ್ರೇ, ಈಗ ಸರಿಯಾಯ್ತು. ಅಡಿಗೆ ಮೂರು ಇಂಚು ಹೆಚ್ಚೇ ಉಂಟು."

ನಾನು ನಕ್ಕೆ. ಭಟ್ರು ನನ್ನನ್ನೇ ನೋಡುತ್ತಿದ್ದರು.

"ಮತ್ತೆ ಎಂತ ಶೆಟ್ರೇ? ಹೇಳ್ಲಿಕ್ಕೆ ಎಂತಾದ್ರೂ ಉಂಟಾ?"

ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಮೇಜಿನ ಮೇಲೆ ಒಂದು ಸ್ಟೀಲಿನ ಬುತ್ತಿ ಇತ್ತು. ನಮ್ಮ ಮನೆಯ ಬುತ್ತಿ. ಬೆಳಗ್ಗೆ ಶ್ರಾವ್ಯ ಗಂಜಿ ಮಾಡಿ ತಂದು ಕೊಟ್ಟು ಹೋಗಿದ್ದಾಳೆ. ನನಗೆ ಜ್ವರ ಬಂದಾಗ ನನ್ನ ಗಂಜಿ ಮಾಡುವುದು ಅವಳ ತಾಯಿ.

"ಎಂತ ಇಲ್ಲ ಭಟ್ರೇ," ಎಂದೆ. "ಬೇಗ ಗುಣ ಮಾಡಿಕೊಳ್ಳಿ."

"ಅದು ಇವರ ಕೆಲಸ," ಎಂದು ನರ್ಸಿನ ಕಡೆ ಕೈ ತೋರಿಸಿದರು. "ನೀವು ನಿಮ್ಮದು ಮಾಡಿ. ನಿಧಾನಕ್ಕೆ ಮಾಡಿ, ಅರ್ಜೆಂಟ್ ಇಲ್ಲ."

ಅರ್ಜೆಂಟ್ ಇತ್ತು. ನಾಲ್ಕನೆಯ ದಿನ ಬೆಳಗ್ಗೆ ಅವರು ಹೋದರು.

ಮಧ್ಯಾಹ್ನ ದಹನ ಮುಗಿಸಿಕೊಂಡು ಶ್ರಾವ್ಯ ಮನೆಗೆ ಹೋಗದೆ ನೇರ ಅಂಗಡಿಗೆ ಬಂದಳು. ಗಿರಾಕಿಗಳ ಸ್ಟೂಲಿನಲ್ಲಿ ಕೂತು, ಟಾರ್ಪಾಲಿನ ರಾಶಿಗೆ ಮುಖ ಒತ್ತಿ ಅತ್ತಳು. ಅಷ್ಟು ಅತ್ತದ್ದನ್ನು ನಾನು ಕಂಡಿರಲಿಲ್ಲ, ಅವಳ ಅಜ್ಜಿ ಸತ್ತಾಗಲೂ ಇಲ್ಲ. ನಾಳೆ ನಾನು ಹೋದರೆ ಇಷ್ಟು ಅಳುತ್ತಾಳೆಯೇ? ಆ ಹೊತ್ತಿನಲ್ಲೂ ನನ್ನ ತಲೆ ಅದನ್ನೇ ಕೇಳಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಯಂತ್ರ ನಿಲ್ಲಿಸಿ ಹೇಳಿದೆ:

"ಮಗಾ, ಅವತ್ತು ಅಳತೆ ಅವರು ಸರಿಯಾಗಿಯೇ ಕೊಟ್ಟಿದ್ರು. ಕತ್ತರಿಸಿದ್ದು ನಾನು. ಅವರು ಹೇಳಿದ್ರಲ್ಲ ಎಂಬ ಒಂದೇ ಕಾರಣಕ್ಕೆ ಬಿಗಿ ಮಾಡಿದೆ."

ಅವಳು ತಲೆ ಎತ್ತಿದಳು. "ಗೊತ್ತುಂಟು ಪಪ್ಪ."

"ಹೇಗೆ?"

"ಹರಿದ ತುಂಡನ್ನು ಅವತ್ತೇ ಟೇಪು ಹಿಡಿದು ಅಳೆದೆ. ಬರೆದುಕೊಂಡದ್ದು ನಾನೇ ಅಲ್ವಾ?"

"ಮೂರು ವರ್ಷ ಕೇಳಲಿಲ್ಲ ನೀನು."

"ಭಟ್ರು ಕೇಳ್ಬೇಡ ಅಂದ್ರು. 'ನಿನ್ನ ಪಪ್ಪ ಅವರಾಗಿಯೇ ಹೇಳ್ತಾರೆ ನೋಡು, ಸ್ವಲ್ಪ ಟೈಮ್ ಬೇಕು' ಅಂದ್ರು. ನಾನು, ಇಲ್ಲ, ಅವರು ಜನ್ಮದಲ್ಲಿ ಹೇಳುದಿಲ್ಲ ಅಂದೆ." ಸೆರಗು ಇಲ್ಲದ್ದಕ್ಕೆ ದುಪಟ್ಟಾದಲ್ಲಿ ಮೂಗು ಒರೆಸಿಕೊಂಡಳು. "ಒಂದು ಪ್ಲೇಟು ಬಿಸಿ ಗೋಳಿಬಜೆಗೆ ಬೆಟ್ ಕಟ್ಟಿದ್ವಿ. ಆಸ್ಪತ್ರೆಯಲ್ಲಿ ದಿನಾ ಕೇಳ್ತಿದ್ರು, 'ಹೇಳಿದ್ರಾ?' ಅಂತ. ಮೊನ್ನೆ ನೀವು ಹೋಗಿದ್ರಲ್ಲ, ಅವತ್ತು ಸಂಜೆ ಕೂಡ, 'ಬಾಯಿವರೆಗೆ ಬಂದಿತ್ತು ಮಾರಾಯ್ತಿ, ಇನ್ನು ಎರಡು ದಿನ' ಅಂದ್ರು."

ನಾನು ಕತ್ತರಿಯನ್ನು ತೆಗೆದು ಇಟ್ಟೆ. ಇಟ್ಟದ್ದನ್ನು ಮತ್ತೆ ತೆಗೆದೆ. ನನ್ನ ಮಗಳಿಗೆ ನನ್ನ ಮೇಲೆ ಇಲ್ಲದ ನಂಬಿಕೆ ಆ ಮನುಷ್ಯನಿಗೆ ಇತ್ತು. ನಾನು ಅವರ ಹೆಸರು ಹಾಳು ಮಾಡಿ ಕೂತಿದ್ದ ಮೂರು ವರ್ಷವೂ ಇತ್ತು.

"ಹಾಗಾದ್ರೆ ಗೆದ್ದದ್ದು ಅವರು," ಎಂದೆ.

"ಅವರೇ," ಎಂದಳು.

ಅಂಗಡಿಯ ಬಾಗಿಲು ಎಳೆದು ಇಬ್ಬರೂ ಓಣಿಯ ತುದಿಯ ಹೋಟೆಲಿಗೆ ಹೋದೆವು. ಅವಳು ನನ್ನನ್ನು ಕೇಳದೆಯೇ ಮೂರು ಪ್ಲೇಟು ಗೋಳಿಬಜೆ ಹೇಳಿದಳು. ಮೂರನೆಯದನ್ನು ಖಾಲಿ ಕುರ್ಚಿಯ ಮುಂದೆ ಇಟ್ಟು, ತನ್ನದನ್ನು ಮುಟ್ಟದೆ ಅದನ್ನೇ ನೋಡುತ್ತಾ ಕೂತಳು. ಸ್ವಲ್ಪ ಹೊತ್ತು ಸಹಿಸಿದೆ. ಆಮೇಲೆ ಆ ಪ್ಲೇಟನ್ನು ನನ್ನ ಕಡೆಗೆ ಎಳೆದುಕೊಂಡು, ಬಿಸಿ ಇರುವಾಗಲೇ, ಒಂದೂ ಬಿಡದೆ ತಿಂದೆ.